ಎಷ್ಟು ವರ್ಷ ಇಲ್ಲಿರ್ತೀರಿ?

ಗಣೇಶನ ಹಬ್ಬ ಕಳೆದ ವಾರಕ್ಕೆ ಲೀಸ್ ಕಂಪನಿಯಿಂದ ಮೇಲ್ ಬಂತು. ನಾಲ್ಕು ವರ್ಷದ ಅವಧಿ ಅಕ್ಟೋಬರ್ ಮಧ್ಯಕ್ಕೆ ಮುಗಿಯುತ್ತದೆ; ಕಾರನ್ನು ವಾಪಸ್ ಕೊಡುತ್ತೀರೋ, ಉಳಿಕೆ ಬೆಲೆ ಕಟ್ಟಿ ಇಟ್ಟುಕೊಳ್ಳುತ್ತೀರೋ ತಿಳಿಸಿ ಎಂದು. ಕೆಳಗೆ ಒಂದು ಪಟ್ಟಿ: ಬಂಪರ್ ಗೀರು, ಬಾಗಿಲ ಗೀರು, ಸೀಟಿನ ಕಲೆ, ಒಂದೊಂದಕ್ಕೂ ಇಷ್ಟಿಷ್ಟು ರೂಪಾಯಿ. ಬಾಗಿಲ ಗೀರು ಮಾನ್ವಿಯ ನಮ್ಮ ಮನೆಯ ಗೇಟಿನದು. ಸೀಟಿನ ಕಲೆ ಅವ್ವ ಕಟ್ಟಿಕೊಟ್ಟ ಗುರೆಳ್ಳು ಚಟ್ನಿಯ ಎಣ್ಣೆಯದು.

ನಿಮ್ಮಲ್ಲಿ ಹಲವರಿಗೆ ಈ ಲೀಸ್ ವ್ಯವಹಾರ ಗೊತ್ತೇ ಇದೆ. ಸಂಬಳದಲ್ಲೇ ಕಂತು ಹೋಗುತ್ತದೆ, ತೆರಿಗೆಯಲ್ಲಿ ಒಂದಿಷ್ಟು ಉಳಿಯುತ್ತದೆ, ಇನ್ಶೂರೆನ್ಸ್ ಸರ್ವಿಸ್ ತಲೆನೋವು ಅವರದು. 2021ರಲ್ಲಿ ಬೆಂಗಳೂರಿನಲ್ಲಿದ್ದಾಗ ಈ ಹ್ಯಾಚ್‌ಬ್ಯಾಕ್ ತೆಗೆದುಕೊಂಡೆ. ಮರುವರ್ಷ ಹೈದರಾಬಾದಿಗೆ ವರ್ಗವಾಯಿತು. ಹೇಗೂ ಒಂದೆರಡು ವರ್ಷ, ಆಮೇಲೆ ವಾಪಸ್ ಹೋಗುವುದೇ ಎಂದುಕೊಂಡು ಕೆಎ ನಂಬರಿನಲ್ಲೇ ಓಡಾಡಿದೆವು. ಕಾಯ್ದೆಯ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡ ಗಾಡಿಗೆ ಆ ರಾಜ್ಯದ ನಂಬರು ಪಡೆಯಬೇಕು. ಮಿಯಾಪುರದ ಹತ್ತಿರ ಎರಡು ಸಲ ತಡೆದು ಕೇಳಿದರು. ತಪ್ಪು ನನ್ನದೇ. ಎನ್‌ಒಸಿ ತರಿಸಿ, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಿ, ಅಲ್ಲಿ ಕಟ್ಟಿದ್ದರಲ್ಲಿ ಉಳಿದ ಪಾಲು ವಾಪಸ್ ಕೇಳುವ ಕೆಲಸವನ್ನು ಮುಂದಿನ ತಿಂಗಳು, ಮುಂದಿನ ತಿಂಗಳು ಎನ್ನುತ್ತಾ ಮೂರು ವರ್ಷ ತಳ್ಳಿದೆ. ನೀವು ಯಾರಾದರೂ ಹೀಗೇ ತಳ್ಳುತ್ತಿದ್ದರೆ, ತಳ್ಳಬೇಡಿ.

ಇದ್ದ ಕಾರನ್ನೇ ಇಟ್ಟುಕೊಳ್ಳೋಣವೆಂದರೆ ಉಳಿಕೆ ಬೆಲೆಯ ಮೇಲೆ ಈ ಖರ್ಚೆಲ್ಲ ಸೇರಿ ಲೆಕ್ಕ ಕೂಡಲಿಲ್ಲ. ಹಾಗಾಗಿ ಹೊಸದು ನೋಡುವುದೆಂದಾಯಿತು.

ಮೊದಲು ಮನಸ್ಸು ಹೋದದ್ದು ಪೂರ್ತಿ ಎಲೆಕ್ಟ್ರಿಕ್ ಕಡೆಗೆ. ತೆಲಂಗಾಣದಲ್ಲಿ 2024ರ ನವೆಂಬರ್ 18ರಿಂದ ಎಲೆಕ್ಟ್ರಿಕ್ ಕಾರಿಗೆ ರೋಡ್ ಟ್ಯಾಕ್ಸ್ ಇಲ್ಲ, ರಿಜಿಸ್ಟ್ರೇಷನ್ ಶುಲ್ಕವೂ ಇಲ್ಲ, ಜಿಎಸ್‌ಟಿ ಶೇ. 5 ಮಾತ್ರ. ಆದರೆ ನಮ್ಮದು ಕೂಕಟ್‌ಪಲ್ಲಿಯ ಹಳೆಯ ಅಪಾರ್ಟ್‌ಮೆಂಟ್. ಸೆಲ್ಲಾರಿನಲ್ಲಿ ನನ್ನ ಜಾಗದ ಕಂಬಕ್ಕೆ ಒಂದು ಹದಿನೈದು ಆಂಪಿಯರ್ ಪಾಯಿಂಟ್ ಹಾಕಿಸುತ್ತೇನೆ, ಮೀಟರೂ ನನ್ನದೇ ಎಂದು ಅಸೋಸಿಯೇಷನ್‌ಗೆ ಬರೆದುಕೊಟ್ಟೆ. ಮೂರು ಮೀಟಿಂಗ್ ಆದವು, ಮೂರರಲ್ಲೂ ಚಹಾ ಚೆನ್ನಾಗಿತ್ತು, ಪಾಯಿಂಟ್ ಸಿಗಲಿಲ್ಲ.

ಅದಕ್ಕಿಂತ ದೊಡ್ಡ ಕಾರಣ ಹೆಂಡತಿ ಹೇಳಿದ್ದು. “ಮಾವನವರ ಆ ರಾತ್ರಿ ನೆನಪದ ಏನ್ರಿ? ಆಗ ಚಾರ್ಜ್ ಇಪ್ಪತ್ತೇ ಪರ್ಸೆಂಟ್ ಇತ್ತಂದ್ರ?”

2023ರ ನವೆಂಬರ್. ರಾತ್ರಿ ಹನ್ನೊಂದೂವರೆಗೆ ತಮ್ಮನ ಫೋನ್. ಅಪ್ಪನಿಗೆ ಉಸಿರು ಹತ್ತುತ್ತಿಲ್ಲ, ರಾಯಚೂರಿಗೆ ಕರೆದುಕೊಂಡು ಹೋಗುತ್ತಿದ್ದೇವೆ ಎಂದು. ಮಗಳನ್ನು ನಿದ್ದೆಯಲ್ಲೇ ಎತ್ತಿ ಹಿಂದಿನ ಸೀಟಿಗೆ ಹಾಕಿಕೊಂಡು ಹೊರಟೆವು. ಶಂಷಾಬಾದ್, ಜಡ್ಚೆರ್ಲ, ಮೆಹಬೂಬ್‌ನಗರ, ಮಕ್ತಲ್. ಕೃಷ್ಣಾ ದಾಟುವಾಗ ಶಕ್ತಿನಗರದ ಚಿಮಣಿಗಳ ಕೆಂಪು ದೀಪ ಕಂಡವು. ಮನೆಯಿಂದ ರಾಯಚೂರಿಗೆ ಸುಮಾರು 220 ಕಿ.ಮೀ.; ನಾಲ್ಕು ಗಂಟೆಗೆ ಆಸ್ಪತ್ರೆಯಲ್ಲಿದ್ದೆವು. ಅಪ್ಪ ಬೆಳಗ್ಗೆ ಒಂಬತ್ತರವರೆಗೆ ಇದ್ದರು. ಐದು ಗಂಟೆ ಸಿಕ್ಕಿತು. ದಾರಿಯಲ್ಲಿ ಈಗ ಚಾರ್ಜಿಂಗ್ ಪಾಯಿಂಟ್‌ಗಳಿವೆ, ನಿಜ. ಮನೆಯಲ್ಲೇ ರಾತ್ರಿ ಚಾರ್ಜಿಗೆ ಹಾಕುವ ಅನುಕೂಲವಿದ್ದವರಿಗೆ ಎಲೆಕ್ಟ್ರಿಕ್‌ನಷ್ಟು ಒಳ್ಳೆಯದು ಇನ್ನೊಂದಿಲ್ಲವೆಂದು ನಾನೂ ಹೇಳುತ್ತೇನೆ. ಆ ಅನುಕೂಲ ನಮಗಿಲ್ಲ, ಮಾನ್ವಿಯಲ್ಲಿ ಅವ್ವ ಒಬ್ಬಳೇ ಇದ್ದಾಳೆ. ತಮ್ಮ ಈಗ ದುಬೈಯಲ್ಲಿದ್ದಾನೆ.

ಹೀಗೆ ಬಂದು ನಿಂತದ್ದು ಹೈಬ್ರಿಡ್ ಮುಂದೆ. ಇಲ್ಲೊಂದು ಮಾತು ಎಚ್ಚರಿಕೆಗೆ. ಹೈಬ್ರಿಡ್ ಎಂಬ ಹೆಸರಿನಲ್ಲಿ ಎರಡು ಬಗೆ ಮಾರುತ್ತಾರೆ. ಮೈಲ್ಡ್ ಹೈಬ್ರಿಡ್‌ನಲ್ಲಿ ಸಣ್ಣ ಮೋಟರು ಎಂಜಿನ್ನಿಗೆ ಕೈ ಆಸರೆ ಕೊಡುತ್ತದೆ ಅಷ್ಟೆ. ಬರೀ ಕರೆಂಟಿನ ಮೇಲೆ ಕಾರು ಓಡುವುದಿಲ್ಲ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಬ್ಯಾಟರಿ, ಮೋಟರು ದೊಡ್ಡವು. ನಿಧಾನ ಹೋಗುವಾಗ ಎಂಜಿನ್ ಆಫ್ ಆಗಿ ಕಾರು ಮೋಟರಿನ ಮೇಲೆಯೇ ಸಾಗುತ್ತದೆ. ಬ್ರೇಕ್ ಒತ್ತಿದಾಗ ಹಾಳಾಗುವ ಶಕ್ತಿ ಕರೆಂಟಾಗಿ ಬ್ಯಾಟರಿಗೆ ಸೇರುತ್ತದೆ. ವೈರು, ಪ್ಲಗ್ಗು ಏನೂ ಬೇಡ, ಪೆಟ್ರೋಲ್ ಹಾಕಿಸಿದರೆ ಆಯಿತು. 1997ರಲ್ಲಿ ಜಪಾನಿನಲ್ಲಿ ಟೊಯೊಟಾ ಪ್ರಿಯಸ್ ಬಂದಾಗಿನಿಂದ ಇರುವ ಉಪಾಯ ಇದು. ಜೆಎನ್‌ಟಿಯುದಿಂದ ಹೈಟೆಕ್ ಸಿಟಿವರೆಗೆ ಬೆಳಗ್ಗೆ ಒಂಬತ್ತಕ್ಕೆ ಹೋದವರಿಗೆ ಈ ಉಪಾಯದ ಬೆಲೆ ಗೊತ್ತಾಗುತ್ತದೆ: ನಿಲ್ಲು, ಹತ್ತು ಅಡಿ ಹೋಗು, ನಿಲ್ಲು. ಹೈವೇಯಲ್ಲಿ ಎಂಜಿನ್ನೇ ಹೆಚ್ಚು ದುಡಿಯುವುದರಿಂದ ಅಲ್ಲಿ ಲಾಭ ಕಡಿಮೆ.

ನಾನು ನೋಡಿದ ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲಿ ಹ್ಯಾಚ್‌ಬ್ಯಾಕ್ ಒಂದೂ ಇರಲಿಲ್ಲ. ಹೋಂಡಾ ಸಿಟಿ, ಇನ್ನೋವಾ ಹೈಕ್ರಾಸ್, ಮಾರುತಿಯ ಗ್ರ್ಯಾಂಡ್ ವಿಟಾರಾ, ಟೊಯೊಟಾ ಹೈರೈಡರ್. ಎಲ್ಲವೂ ನಾಲ್ಕು ಮೀಟರಿಗಿಂತ ಉದ್ದ. ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ ಶೇ. 18ಕ್ಕೆ ಇಳಿದರೆ, ಇವುಗಳದು ಸೆಸ್ ಸೇರಿ ಇದ್ದ ಶೇ. 43ರಿಂದ ಶೇ. 40ಕ್ಕೆ ಬಂದು ನಿಂತಿತು.

ನಾವು ಹೈರೈಡರ್ ಮುಂದೆ ಕೂತು ಲೆಕ್ಕ ಹಾಕಿದೆವು. ಅದೇ ಕಾರಿನ ಬರೀ ಪೆಟ್ರೋಲ್ ಆಟೊಮ್ಯಾಟಿಕ್‌ಗೂ ಹೈಬ್ರಿಡ್‌ಗೂ ನನಗೆ ಕೊಟ್ಟ ಕೊಟೇಶನ್‌ನಲ್ಲಿ ಅಂತರ ಸುಮಾರು 2 ಲಕ್ಷ 40 ಸಾವಿರ. ಆಫೀಸಿಗೆ ದಿನಕ್ಕೆ 36 ಕಿ.ಮೀ., ತಿಂಗಳಿಗೊಮ್ಮೆ ಮಾನ್ವಿಗೆ ಹೋಗಿಬರಲು 540. ವರ್ಷಕ್ಕೆ 15,000 ಕಿ.ಮೀ. ಆಸುಪಾಸು. ಕಂಪನಿ ಹೇಳುವ ಮೈಲೇಜ್ ಲೀಟರಿಗೆ 27.97. ಅದನ್ನು ಪಕ್ಕಕ್ಕಿಟ್ಟು, ಆಫೀಸಿನಲ್ಲಿ ಎರಡೂ ಬಗೆ ಇಟ್ಟುಕೊಂಡವರ ಮೀಟರ್ ನೋಡಿ, ಪೆಟ್ರೋಲಿಗೆ 14, ಹೈಬ್ರಿಡ್‌ಗೆ 21 ಎಂದು ಹಿಡಿದೆ. ವರ್ಷಕ್ಕೆ ಉಳಿಯುವುದು 357 ಲೀಟರ್. ಹೈದರಾಬಾದಿನ 107 ರೂಪಾಯಿ ದರದಲ್ಲಿ 38 ಸಾವಿರ. ಅಂದರೆ ಹೆಚ್ಚು ಕೊಟ್ಟ ದುಡ್ಡು ವಾಪಸ್ ಬರಲು ಆರು ವರ್ಷ ಚಿಲ್ಲರೆ.

ನಾಲ್ಕು ವರ್ಷದ ಲೀಸ್‌ನಲ್ಲಿ ಇದು ಗಿಟ್ಟುವುದಿಲ್ಲ. ಗಿಟ್ಟಬೇಕೆಂದರೆ ಕಾರು ನಮ್ಮ ಹೆಸರಿನಲ್ಲಿರಬೇಕು, ನಾವು ಹೀಗೇ ಇದೇ ಟ್ರಾಫಿಕ್ಕಿನಲ್ಲಿ ಏಳೆಂಟು ವರ್ಷ ಓಡಿಸಬೇಕು. ಬ್ಯಾಟರಿಯ ವಾರಂಟಿಯೂ ಎಂಟು ವರ್ಷ. ಸೇಲ್ಸ್ ಹುಡುಗ ತೆಲುಗಿನಲ್ಲಿ ಸಹಜವಾಗಿ ಕೇಳಿದ: “ಸರ್, ಹೈದರಾಬಾದಿನಲ್ಲಿ ಎಷ್ಟು ವರ್ಷ ಇರ್ತೀರಿ?”

ನಾನು, ಹೆಂಡತಿ ಮುಖ ಮುಖ ನೋಡಿಕೊಂಡೆವು. ಮೂರು ವರ್ಷದಿಂದ ನಾವಿಬ್ಬರೂ ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ. ಮನೆ ಬಾಡಿಗೆಯದು, ಕಾರು ಲೀಸಿನದು, ನಂಬರು ಕರ್ನಾಟಕದ್ದು. ಯಾವಾಗ ಬೇಕಾದರೂ ಎದ್ದು ಹೋಗಬಹುದು ಎಂಬ ಧೈರ್ಯ ಅದರಲ್ಲಿತ್ತು. ಎದ್ದು ಮಾತ್ರ ಹೋಗಲಿಲ್ಲ. ಮಗಳು ಮೂರನೇ ತರಗತಿ, ಜಗಳವೆಲ್ಲ ತೆಲುಗಿನಲ್ಲಿ ಆಡುತ್ತಾಳೆ. ಹೆಂಡತಿಗೆ ಇಲ್ಲೇ ಪ್ರಮೋಷನ್ ಆಗಿದೆ. ನಮ್ಮ ತಾತ ರಾಯಚೂರಿನಿಂದ ಇಲ್ಲಿಗೆ ಓದಲು ಬಂದಾಗ ಇದು ಅವರ ರಾಜ್ಯದ ರಾಜಧಾನಿ. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇತ್ತು. ಅವರಿಗೆ ಕಾಡದ ಪರವೂರಿನ ಭಾವನೆಯನ್ನು ನಾನು ಒಂದು ನಂಬರ್ ಪ್ಲೇಟಿಗೆ ಕಟ್ಟಿಕೊಂಡಿದ್ದೆ.

“ಎಂಟು ವರ್ಷ,” ಎಂದಳು ಹೆಂಡತಿ. ಹುಡುಗ ಫಾರ್ಮ್ ತೆಗೆದ.

ಸಾಲ ಮಾಡಿ, ಟಿಜಿ ನಂಬರಿನಲ್ಲಿ, ನಮ್ಮದೇ ಹೆಸರಿನಲ್ಲಿ ಬುಕ್ ಮಾಡಿದೆವು. ಕಾರು ತಯಾರಾಗುವುದು ಬಿಡದಿಯಲ್ಲಿ ಎಂದು ಗೊತ್ತಾದಾಗ ಮಗಳು, “ಹಾಗಾದ್ರೆ ಅದೂ ನಮ್ಮ ಥರಾನೇ,” ಎಂದಳು. ಒಂದೇ ಒಂದು ಅಸಮಾಧಾನ ಉಳಿದಿತ್ತು. ಬ್ಯಾಟರಿ ಹಿಂದೆ ಕೂತಿರುವುದರಿಂದ ಪೆಟ್ರೋಲ್ ಮಾಡೆಲ್‌ಗಿಂತ ಹೈಬ್ರಿಡ್‌ನಲ್ಲಿ ಡಿಕ್ಕಿ ಚಿಕ್ಕದು. ಹಬ್ಬಕ್ಕೆ ಊರಿಗೆ ಹೋಗಿಬರುವವರು ಕೊಳ್ಳುವ ಮುಂಚೆ ಡಿಕ್ಕಿ ತೆಗೆಸಿ ನೋಡಿ.

ಹಳೆ ಕಾರು ಕೊಡುವ ಹಿಂದಿನ ಸಂಜೆ ಡ್ಯಾಶ್‌ಬೋರ್ಡ್ ಖಾಲಿ ಮಾಡುವಾಗ ಅಪ್ಪನ ಆಸ್ಪತ್ರೆಯ ಪಾರ್ಕಿಂಗ್ ಚೀಟಿ ಸಿಕ್ಕಿತು. ಅದನ್ನು ಪರ್ಸಿನಲ್ಲಿಟ್ಟುಕೊಂಡೆ. ಆಮೇಲೆ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ನಂಬರಿನ ವಿಷಯವನ್ನೂ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಹಂಗಾದ್ರ ಇನ್ನ ಅಲ್ಲೇ ಇರೋರು ಅನ್ನು.”

ನಾನು ಹೂಂ ಎಂದೆ.

“ಇರ್ಲಿ ಬಿಡು. ಜ್ವಾಳದ ಚೀಲ ಹಿಡಸ್ತದೇನು ಹಿಂದ?”

“ಅರ್ಧ ಹಿಡಸ್ತದವ್ವ.”

“ಹಂಗಾದ್ರ ತಿಂಗಳಿಗೆ ಎರಡ್ ಸಲ ಬಾ.”