ಯಂತ್ರವನ್ನು ಮಾರಿ ಕೈಪಿಡಿಯನ್ನು ಬಚ್ಚಿಡಬಹುದೇ?

ಗಣಕಯಂತ್ರದ ಪ್ರತಿಯೊಂದು ಭಾಗದಲ್ಲಿಯೂ, ಅದು ಪರದೆಗೆ ಚಿತ್ರವನ್ನೊದಗಿಸತಕ್ಕದ್ದಾಗಲಿ ಧ್ವನಿಯನ್ನು ಹೊರಡಿಸತಕ್ಕದ್ದಾಗಲಿ, ರಿಜಿಸ್ಟರುಗಳೆಂಬ ಪುಟ್ಟ ಕೋಶಗಳಿರುತ್ತವೆ. ಪ್ರತಿಯೊಂದಕ್ಕೂ ಒಂದು ವಿಳಾಸ. ಇಂಥ ವಿಳಾಸದಲ್ಲಿ ಇಂಥ ಸಂಖ್ಯೆಯನ್ನು ಬರೆದರೆ ಇಂಥ ಕೆಲಸವಾಗುವುದು, ಅಷ್ಟೇ. ಈ ಪಟ್ಟಿ ಕೈಯಲ್ಲಿಲ್ಲದೆ ಆ ಭಾಗವನ್ನು ನಡೆಸುವ ಪ್ರೋಗ್ರಾಮನ್ನು ಬರೆಯಹೊರಟವನು, ಎಂಥ ಮೇಧಾವಿಯಾದರೂ, ಕತ್ತಲೆಯಲ್ಲಿ ಕೈಯಾಡಿಸಬೇಕಾಗುತ್ತದೆ. ತಯಾರಕರು ಇದನ್ನು ಪ್ರಕಟಿಸಲೇಬೇಕೆಂಬುದು ನನ್ನ ಅಭಿಪ್ರಾಯ.

ಪ್ರಕಟಿಸದಿದ್ದರೆ ಏನಾಗುವುದೆಂಬುದಕ್ಕೆ ಒಂದು ನಿದರ್ಶನವನ್ನು ನೋಡೋಣ. 2020ರಲ್ಲಿ ಆ್ಯಪಲ್ ಸಂಸ್ಥೆಯು ತನ್ನದೇ ಆದ ಎಂ1 ಚಿಪ್ಪುಳ್ಳ ಗಣಕಗಳನ್ನು ಮಾರಾಟಕ್ಕೆ ತಂದಿತು. ಅವುಗಳಲ್ಲಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ನಡೆಸಲು ಅದು ಅಡ್ಡಿಮಾಡಲಿಲ್ಲ. ಅದಕ್ಕೆ ಬೇಕಾದ ಕೈಪಿಡಿಯನ್ನೂ ಕೊಡಲಿಲ್ಲ. ಆಗ ಆಸಾಹಿ ಲಿನಕ್ಸ್ ಎಂಬ ಬಳಗದವರು ಆ್ಯಪಲ್ಲಿನ ವ್ಯವಸ್ಥೆಗೂ ಯಂತ್ರಕ್ಕೂ ನಡುವೆ ತಮ್ಮದೊಂದು ಪ್ರೋಗ್ರಾಮನ್ನು ತೂರಿಸಿ, ಯಾವ ವಿಳಾಸಕ್ಕೆ ಯಾವ ಸಂಖ್ಯೆ ಹೋಗುತ್ತಿದೆಯೆಂಬುದನ್ನು, ಗೋಡೆಗೆ ಕಿವಿಯಿಟ್ಟು ಕೇಳುವವರಂತೆ, ಗುರುತುಹಾಕಿಕೊಂಡರು. ಚಿತ್ರಭಾಗವನ್ನು ನಡೆಸುವ ಅವರ ಪ್ರೋಗ್ರಾಮಿನ ಪರೀಕ್ಷಾರೂಪವು ಬಳಕೆದಾರರ ಕೈಸೇರಿದ್ದು 2022ರ ಡಿಸೆಂಬರಿನಲ್ಲಿ. ಸಾಹಸವೇನೋ ಸ್ತುತ್ಯರ್ಹ. ಆದರೆ ಇಷ್ಟು ಶ್ರಮದಿಂದ ಅವರು ಹೊರಗೆಳೆದದ್ದು ಪ್ರಕೃತಿಯ ಯಾವ ರಹಸ್ಯವನ್ನು? ಬೇರೊಬ್ಬ ಇಂಜಿನಿಯರು ಎಂದೋ ನಿಗದಿಮಾಡಿದ್ದ ಪಟ್ಟಿಯನ್ನು!

ಗುಟ್ಟು ರಟ್ಟಾದರೆ ಪ್ರತಿಸ್ಪರ್ಧಿಗಳು ನಕಲುಮಾಡುವರೆಂಬುದು ತಯಾರಕರ ಆಕ್ಷೇಪ. ಇದು ಹುರುಳಿಲ್ಲದ ಮಾತಲ್ಲ. 1981ರಲ್ಲಿ ಪರ್ಸನಲ್ ಕಂಪ್ಯೂಟರನ್ನು ಹೊರತಂದ ಐಬಿಎಂ ಸಂಸ್ಥೆಯು ಅದರ ಕೈಪಿಡಿಯಲ್ಲಿ ವಿದ್ಯುನ್ಮಂಡಲಗಳ ನಕ್ಷೆಗಳನ್ನೂ ಬಯಾಸ್ ಎಂಬ ಮೂಲ ಪ್ರೋಗ್ರಾಮಿನ ಪಾಠವನ್ನೂ ಅಚ್ಚುಹಾಕಿತು. 1982ರಲ್ಲಿಯೇ ಕಾಂಪ್ಯಾಕ್ ಸಂಸ್ಥೆಯು ಅದಕ್ಕೆ ಸರಿಹೊಂದುವ ಯಂತ್ರವೊಂದನ್ನು ಜಾಹೀರುಪಡಿಸಿತು. (ಐಬಿಎಂ ಯಂತ್ರಕ್ಕೆ ಅಷ್ಟೊಂದು ಪ್ರೋಗ್ರಾಮುಗಳೂ ಕಾರ್ಡುಗಳೂ ಒದಗಿದುದರಲ್ಲಿ ಅದೇ ಕೈಪಿಡಿಯ ಪಾತ್ರವಿತ್ತೆಂಬುದನ್ನೂ ಮರೆಯುವಂತಿಲ್ಲ.) ಆದರೆ ನಾವು ಕೇಳುತ್ತಿರುವುದು ಅಷ್ಟನ್ನಲ್ಲ. ಹಾರ್ಮೋನಿಯಮ್ಮಿನ ಯಾವ ಮನೆಯನ್ನೊತ್ತಿದರೆ ಯಾವ ಸ್ವರವೆಂದು ತಿಳಿದ ಮಾತ್ರಕ್ಕೆ ಹಾರ್ಮೋನಿಯಂ ಕಟ್ಟಲು ಬಂದೀತೇ? ಎಎಂಡಿ ಸಂಸ್ಥೆಯು 2007ರಲ್ಲಿ ತನ್ನ ಚಿತ್ರಸಂಸ್ಕಾರಕಗಳ ರಿಜಿಸ್ಟರು ಕೈಪಿಡಿಗಳನ್ನು ಪ್ರಕಟಿಸತೊಡಗಿತು. ಅದರಿಂದ ಅದೇನೂ ಮುಳುಗಿಹೋಗಲಿಲ್ಲ.

ಇನ್ನೊಂದು ಮಾತಿದೆ. ತಯಾರಕನ ಆಸ್ಥೆಯೆಲ್ಲ ಹೊಸ ಮಾದರಿಯ ಮೇಲೆ. ಹಳೆಯದಕ್ಕೆ ಪ್ರೋಗ್ರಾಮುಗಳನ್ನು ತಿದ್ದಿಕೊಡುವುದನ್ನು ಅವನು ನಿಲ್ಲಿಸಿದ ಮೇಲೆ, ಕೈಪಿಡಿಯಿಲ್ಲದ ಯಂತ್ರವು ಕೆಡದೆಯೇ ಕಸದ ಪಾಲಾಗುತ್ತದೆ. ಮಾರಾಟವನ್ನೇ ನಿಲ್ಲಿಸಿದ ಯಂತ್ರದ ಪಟ್ಟಿಯನ್ನಾದರೂ ಬಹಿರಂಗಪಡಿಸಲು ಅಡ್ಡಿಯೇನು? ಇದಕ್ಕೆ ಸಮಾಧಾನಕರವಾದ ಉತ್ತರವನ್ನು ನಾನಿನ್ನೂ ಕೇಳಿಲ್ಲ.