ನೋಟಿನ ಮುಖಬೆಲೆ, ನೋಟಿನ ನಂಬರು

ಮಕ್ಕಳೇ, ನಿಮ್ಮ ಹತ್ತಿರ ಐನೂರರ ನೋಟಿದೆ ಎಂದರೆ ನೀವು ಯಾರೆಂದು ತಿಳಿಯುವುದಿಲ್ಲ. ಅಂಥ ನೋಟುಗಳು ಕೋಟಿಗಟ್ಟಲೆ ಇವೆ. ಆದರೆ ಅದರ ನಂಬರು ಬರೆದಿಟ್ಟುಕೊಂಡರೆ ಅದೇ ನೋಟನ್ನು ಎಲ್ಲಿದ್ದರೂ ಹಿಡಿಯಬಹುದು. ಲಂಚಕೋರರಿಗೆ ಬಲೆ ಬೀಸುವ ಲೋಕಾಯುಕ್ತ ಪೊಲೀಸರು ಮಾಡುವುದೂ ಅದನ್ನೇ. ಬ್ಯಾಂಕಿನಲ್ಲಿ ನೋಟು ಎಣಿಸಿದ ನನಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ಆನ್‌ಲೈನ್ ಆಟಗಳೂ ಕಂಪ್ಯೂಟರಿನ ಎರಡು ಬಗೆಯ ವಿವರ ತೆಗೆದುಕೊಳ್ಳುತ್ತವೆ. ಮೆಮೊರಿ ಎಷ್ಟು, ಗ್ರಾಫಿಕ್ಸ್ ಕಾರ್ಡ್ ಯಾವುದು ಎಂಬುದು ಮುಖಬೆಲೆ ಇದ್ದಂತೆ. ಆಟಗಳನ್ನು ಮಾರುವ ಸ್ಟೀಮ್ ಪ್ರತಿ ತಿಂಗಳು ಇಂಥ ಸಮೀಕ್ಷೆ ನಡೆಸುತ್ತದೆ. ಮೊದಲು ಒಪ್ಪಿಗೆ ಕೇಳುತ್ತದೆ, ಬೇಡ ಎನ್ನಬಹುದು.

ಹಾರ್ಡ್ ಡಿಸ್ಕ್, ಮದರ್‌ಬೋರ್ಡ್‌ಗಳ ಸೀರಿಯಲ್ ನಂಬರಿನ ಮಾತೇ ಬೇರೆ. ಮೋಸದಾಟ ಆಡಿದವರನ್ನು ಹೊರಗಿಡಲು ಕೆಲವು ಆಟಗಳು ಯಂತ್ರವನ್ನೇ ಗುರುತಿಟ್ಟುಕೊಳ್ಳುತ್ತವೆ. 2020ರಲ್ಲಿ ವ್ಯಾಲರಂಟ್ ಬಂದಾಗ, ಅದರ ಕಾವಲುಗಾರ ವ್ಯಾನ್‌ಗಾರ್ಡ್ ಕಂಪ್ಯೂಟರ್ ಶುರುವಾದಾಗಲೇ, ಆಟ ತೆರೆಯದಿದ್ದರೂ, ಎದ್ದು ಕೂರುವುದನ್ನು ಕಂಡು ಆಟಗಾರರೇ ಆಕ್ಷೇಪಿಸಿದರು.

ಮೋಸ ತಡೆಯಲೇಬೇಕು, ನಿಜ. ಆದರೆ ಮನೆಗೆಲ್ಲ ಒಂದೇ ಕಂಪ್ಯೂಟರ್ ಇದ್ದರೆ? ಅಣ್ಣನ ಮೋಸಕ್ಕೆ ಯಂತ್ರವೇ ನಿಷೇಧಗೊಂಡರೆ, ಏನೂ ಮಾಡದ ತಂಗಿಗೂ ಬಾಗಿಲು ಮುಚ್ಚಬಹುದು. ಅದೇ ಯಂತ್ರವನ್ನು ಸೆಕೆಂಡ್ ಹ್ಯಾಂಡ್ ಕೊಂಡವರಿಗೂ ಅದೇ ಗತಿ ಬರಬಹುದು.

18 ತುಂಬದವರ ವಿವರ ಬಳಸಲು ಹೆತ್ತವರ ಒಪ್ಪಿಗೆ ಬೇಕೆಂದು ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಹಾಗಾಗಿ ‘ಒಪ್ಪಿದೆ’ ಗುಂಡಿ ಒತ್ತುವ ಮುನ್ನ ಅಪ್ಪ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಕೇಳುತ್ತಿರುವುದು ಮುಖಬೆಲೆಯೋ, ನಂಬರೋ? ನಂಬರಾದರೆ ಏಕೆ, ಎಷ್ಟು ದಿನಕ್ಕೆ? ಉತ್ತರ ಅಲ್ಲಿಲ್ಲದಿದ್ದರೆ ಬೇರೆ ಆಟ ಹುಡುಕಿ. ಆಟಗಳಿಗೇನು ಬರವೇ?