ಚರ್ಮದ ಉರಿ, ಮನಸ್ಸಿನ ಮಂಕು

ಹೆಡತಲೆಯವರಾದ ನಮಗೆ ನಂಜನಗೂಡು ನೆರೆಯ ಊರು. ಕಾಯಿಲೆ ವಾಸಿಯಾಗಲೆಂದು ಹರಕೆ ಹೊತ್ತವರು ಕಪಿಲೆಯಲ್ಲಿ ಮಿಂದು ಶ್ರೀಕಂಠೇಶ್ವರನಿಗೆ ಉರುಳು ಸೇವೆ ಮಾಡುವುದನ್ನು ಚಿಕ್ಕಂದಿನಿಂದ ಕಂಡಿದ್ದೇವೆ. ಟಿಪ್ಪು ಸುಲ್ತಾನ ಈ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂಬ ಮಾತೂ ಜನಜನಿತ. ಬರುವವರಲ್ಲಿ ಬಹುಕಾಲದ ಚರ್ಮರೋಗ ಹೊತ್ತವರೂ ಇರುತ್ತಾರೆ. ಅವರ ನೋವು ಚರ್ಮಕ್ಕೆ ಮಾತ್ರ ಸೇರಿದ್ದೇ?

ಸೋರಿಯಾಸಿಸ್ ರೋಗವನ್ನೇ ನೋಡೋಣ. ನಮ್ಮ ಮೇಲ್ಚರ್ಮದ ಜೀವಕೋಶಗಳು ಹುಟ್ಟಿ, ಮೇಲೇರಿ, ಉದುರಲು ಸುಮಾರು ಒಂದು ತಿಂಗಳು ಬೇಕು. ಈ ರೋಗದಲ್ಲಿ ಅದೇ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಮೊಣಕೈ, ಮಂಡಿ, ನೆತ್ತಿಯಲ್ಲಿ ಕೆಂಪು ಪಟ್ಟೆ ಎದ್ದು, ಬೆಳ್ಳಿಯಂತಹ ಹೊಟ್ಟು ಉದುರುತ್ತದೆ. ಇದು ಅಂಟುರೋಗವಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ಚರ್ಮವನ್ನು ಕೆಣಕುವುದರ ಫಲ.

ಇಂಥ ಮಗು ಸೆಖೆಯಲ್ಲೂ ತುಂಬುತೋಳಿನ ಅಂಗಿ ತೊಡುತ್ತದೆ. ಆಟದ ಪೀರಿಯಡ್ಡಿನಲ್ಲಿ ಮೂಲೆ ಹಿಡಿಯುತ್ತದೆ. ಪಕ್ಕದವನು ಬೆಂಚಿನಲ್ಲಿ ತುಸು ಸರಿದು ಕುಳಿತರೂ ಅದಕ್ಕೆ ತಿಳಿಯುತ್ತದೆ. ರಾತ್ರಿ ತುರಿಕೆಯಿಂದ ನಿದ್ದೆಯಿಲ್ಲ. ಮನಸ್ಸು ಕುಗ್ಗಲು ಇಷ್ಟು ಸಾಲದೇ?

ಆದರೆ ವಿಜ್ಞಾನ ಇನ್ನೊಂದು ಕಾರಣವನ್ನೂ ಮುಂದಿಡುತ್ತದೆ. ಜ್ವರ ಬಂದ ದಿನವನ್ನು ನೆನಪಿಸಿಕೊಳ್ಳಿ. ಊಟ ಬೇಡ, ಮಾತು ಬೇಡ, ಮುಸುಕೆಳೆದು ಮಲಗಿದರೆ ಸಾಕು. ರೋಗದೊಡನೆ ಹೋರಾಡುವಾಗ ದೇಹ ಸ್ರವಿಸುವ ಸೈಟೊಕೈನ್ ಎಂಬ ರಾಸಾಯನಿಕಗಳು ಮಿದುಳಿಗೂ ಸುದ್ದಿ ಮುಟ್ಟಿಸುವುದರಿಂದ ಹೀಗಾಗುತ್ತದೆ. ಸೋರಿಯಾಸಿಸ್‌ನಲ್ಲಿ ಇಂಥ ಕೆಲವು ರಾಸಾಯನಿಕಗಳು ತಿಂಗಳುಗಟ್ಟಲೆ ಹೆಚ್ಚಾಗಿಯೇ ಇರುತ್ತವೆ. ಅದೇ ಗುಂಪಿನ ಇಂಟರ್‌ಫೆರಾನನ್ನು ಹೆಪಟೈಟಿಸ್ ಸಿ ರೋಗಿಗಳಿಗೆ ಔಷಧವಾಗಿ ಚುಚ್ಚುತ್ತಿದ್ದ ಕಾಲದಲ್ಲಿ ಹಲವರು ಖಿನ್ನತೆಗೆ ಒಳಗಾದದ್ದುಂಟು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಪೂರಕವಾಗಿದೆ. ಸೈಟೊಕೈನ್ ಒಂದನ್ನು ತಡೆಯುವ ಎಟನರ್ಸೆಪ್ಟ್ ಔಷಧ ಪಡೆದ ಸೋರಿಯಾಸಿಸ್ ರೋಗಿಗಳಲ್ಲಿ ಖಿನ್ನತೆಯ ಲಕ್ಷಣಗಳೂ ತಗ್ಗಿದವು. ಚರ್ಮ ಎಷ್ಟು ತಿಳಿಯಾಯಿತೋ ಮನಸ್ಸೂ ಅಷ್ಟೇ ತಿಳಿಯಾಯಿತು ಎಂಬ ನೇರ ಲೆಕ್ಕ ಅಲ್ಲಿ ಕಾಣಲಿಲ್ಲ ಎಂಬುದು ಗಮನಾರ್ಹ.

ಇದು ಎರಡು ಕಡೆಯಿಂದ ಉರಿಯುವ ಬೆಂಕಿ. ಪರೀಕ್ಷೆಯ ಭಯ, ಮನೆಯ ಜಗಳ, ಗೆಳೆಯರ ಹೀಯಾಳಿಕೆಯಿಂದ ಮನಸ್ಸು ಕೆಟ್ಟರೆ ಚರ್ಮವೂ ಉಲ್ಬಣಿಸುತ್ತದೆ. ಚರ್ಮ ಉಲ್ಬಣಿಸಿದರೆ ಮನಸ್ಸು ಮತ್ತಷ್ಟು ಕುಗ್ಗುತ್ತದೆ. ಆದ್ದರಿಂದ ‘ಧೈರ್ಯವಾಗಿರು, ಎಲ್ಲ ನಿನ್ನ ಮನಸ್ಸಿನಲ್ಲೇ ಇದೆ’ ಎಂಬ ಉಪದೇಶ ಮಗುವಿಗೆ ಅನ್ಯಾಯ ಮಾಡುತ್ತದೆ. ಮಂಕು ಅದರ ತಪ್ಪಲ್ಲ, ಕಾಯಿಲೆಯದೇ ಒಂದು ಭಾಗ.

ತಂದೆತಾಯಿಗಳು ಮುಲಾಮಿನ ಜೊತೆಗೆ ಮಗುವಿನ ನಿದ್ದೆ, ಊಟ, ಆಟ, ಓದಿನ ಮೇಲೂ ಕಣ್ಣಿಡಬೇಕು. ಎರಡು ವಾರ ಕಳೆದರೂ ಯಾವುದರಲ್ಲೂ ಆಸಕ್ತಿಯಿಲ್ಲದಿದ್ದರೆ ಚರ್ಮವೈದ್ಯರಿಗೆ ಅದನ್ನೂ ಹೇಳಿ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಚರ್ಮಕ್ಕೂ ಮನಸ್ಸಿಗೂ ವೈದ್ಯರಿದ್ದಾರೆ. 2022ರಲ್ಲಿ ಆರಂಭವಾದ ಸರ್ಕಾರಿ ‘ಟೆಲಿ ಮಾನಸ್’ ಸಹಾಯವಾಣಿಗೆ 14416ರಲ್ಲಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಮಗುವಿನ ಬಾಯಲ್ಲಿ ಬಂದರಂತೂ ಎರಡು ವಾರ ಕಾಯಬಾರದು, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಯಾರೋ ಹೇಳಿದರೆಂದು ಸ್ಟಿರಾಯಿಡ್ ಮುಲಾಮು ತಂದು ಹಚ್ಚುವುದು, ನಡುವೆ ತಟ್ಟನೆ ಬಿಡುವುದು ಎರಡೂ ಅಪಾಯ.

ವಿದ್ಯಾರ್ಥಿಗಳೇ, ನಿಮ್ಮ ತರಗತಿಯಲ್ಲೂ ಅಂಥ ಗೆಳೆಯನೋ ಗೆಳತಿಯೋ ಇರಬಹುದು. ಮುಟ್ಟಿದರೆ ಅಂಟುವುದಿಲ್ಲವೆಂದು ಈಗ ನಿಮಗೆ ಗೊತ್ತು. ನಾಳೆ ಅವರ ಪಕ್ಕದಲ್ಲೇ ಕುಳಿತು ಬುತ್ತಿ ಬಿಚ್ಚಿ.